ಉಗುರಿಗೆ ಸಿಗುವ ಮೆಟ್ಟಿಲು

ಬ್ಲಾಕನ್ನು ಬೆಂಚಿನ ಮೇಲೆ ನಿಲ್ಲಿಸಿ ಮೇಸ್ತ್ರಿ ನನ್ನ ಬಲಗೈ ಹಿಡಿದುಕೊಂಡರು. ತೋರುಬೆರಳನ್ನು ಸಿಲಿಂಡರಿನ ಒಳಕ್ಕೆ ಇಳಿಸಿ, ಉಗುರನ್ನು ಗೋಡೆಗೆ ಆನಿಸಿ, ಮೆಲ್ಲನೆ ಮೇಲಕ್ಕೆ ಎಳೆಸಿದರು. ನುಣ್ಣಗೆ ಜಾರಿಕೊಂಡು ಬರುತ್ತಿದ್ದ ಉಗುರು, ಇನ್ನೇನು ಅಂಚು ಬಂತು ಎನ್ನುವಷ್ಟರಲ್ಲಿ ಟಕ್ಕನೆ ತಡೆದು ನಿಂತಿತು. ‘ಸಿಕ್ತಾ?’ ಎಂದರು. ಸಿಕ್ಕಿತ್ತು. ಕಣ್ಣಿಗೆ ಸರಿಯಾಗಿ ಕಾಣಿಸದ, ಬೆರಳಿಗೆ ಮಾತ್ರ ತಿಳಿಯುವ ಸಣ್ಣ ಮೆಟ್ಟಿಲು. ‘ಸ್ಟೆಪ್ ಬಿದ್ದಿದೆ ಸ್ವಾಮಿ. ದುಡ್ಡು ಎಣಿಸೋಕೆ ಮುಂಚೆ ಇದನ್ನ ಮುಟ್ಟಿ ನೋಡ್ಬೇಕಿತ್ತು’ ಎಂದು ಹೇಳಿ ಕೈ ಬಿಟ್ಟರು.

ಅದು 2011ರ ಮಾತು. ನನ್ನ ಯೆಜ್ಡಿ ರೋಡ್‌ಕಿಂಗ್‌ನ ಚೈನು ಓಟದಲ್ಲೇ ತುಂಡಾಗಿ, ಸುತ್ತಿಕೊಂಡು, ಕ್ರ್ಯಾಂಕ್ ಕೇಸನ್ನೇ ಒಡೆದುಹಾಕಿತ್ತು. ಬೆಸುಗೆ ಹಾಕಿಸುವುದಕ್ಕಿಂತ ಇನ್ನೊಂದು ಎಂಜಿನ್ ಕೊಳ್ಳುವುದೇ ಮೇಲೆಂದು ಗೆಳೆಯರೆಲ್ಲ ಹೇಳಿದರು. ಹುಡುಕಿಕೊಂಡು ಹೋದಲ್ಲಿ ಒಂದು ಎಂಜಿನ್ ಸಿದ್ಧವಾಗಿಯೇ ಕೂತಿತ್ತು. ಮೈತುಂಬ ಬೆಳ್ಳಿ ಬಣ್ಣ. ಮಾರುವವರು ನಾನು ಕೇಳುವ ಮೊದಲೇ ಹೆಡ್ ಎತ್ತಿ ಒಳಗೆ ಟಾರ್ಚ್ ಬಿಟ್ಟರು. ಹೊಸ ಸಿಲಿಂಡರಿನಲ್ಲಿ ಇರುವಂತೆ ಗೋಡೆಯ ಮೇಲೆ ಸಣ್ಣ ಸಣ್ಣ ಗೆರೆಗಳು ಮಿನುಗಿದವು. ‘ಹೋನ್ ಮಾಡ್ಸಿದೀವಿ, ರಿಂಗು ಹೊಸಾದು’ ಎಂದರು. ನಾನು ಮಿನುಗನ್ನು ನೋಡಿ 14,000 ರೂಪಾಯಿ ಎಣಿಸಿಕೊಟ್ಟೆ. 800 ಕಿಲೋಮೀಟರ್ ತುಂಬುವುದರೊಳಗೆ ಮೇಲಿನ ರಿಂಗ್ ಮುರಿದು, ಅದರ ಚೂರು ಗೋಡೆಯ ಉದ್ದಕ್ಕೂ ಗೀರೆಳೆದು, ಗಾಡಿ ಶ್ರೀರಂಗಪಟ್ಟಣದ ರಸ್ತೆಯಲ್ಲಿ ನಿಂತುಬಿಟ್ಟಿತು.

ರಿಂಗ್ ಏಕೆ ಮುರಿಯಿತು ಎಂಬುದನ್ನು ಬಿಡಿಸಿ ಹೇಳಿದವರು ಬೋರಿಂಗ್ ಅಂಗಡಿಯ ಆ ಮೇಸ್ತ್ರಿ. ಅಂದಿನಿಂದ ಹಳೆಯ ಎಂಜಿನ್ ಕೊಳ್ಳಲು ಯಾರೇ ಹೊರಟರೂ ಹೊಗೆ, ಸದ್ದು, ಬಣ್ಣ ಎಲ್ಲಕ್ಕಿಂತ ಮೊದಲು ಗೋಡೆಯ ಮಾತೆತ್ತುತ್ತೇನೆ. ಪಿಸ್ಟನ್ನು ಬದಲಾಯಿಸಬಹುದು, ರಿಂಗು ಬದಲಾಯಿಸಬಹುದು, ಬೇರಿಂಗು ಸೀಲು ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಗೋಡೆಯಿಂದ ಒಮ್ಮೆ ಹೋದ ಲೋಹ ಮತ್ತೆ ಬರುವುದಿಲ್ಲ. ಅದನ್ನು ಇನ್ನಷ್ಟು ಕೊರೆದೇ ಸರಿಮಾಡಬೇಕು, ಇಲ್ಲವೇ ಕೊರೆದು ಹೊಸ ಸ್ಲೀವ್ ಕೂರಿಸಬೇಕು.

ಮೈಸೂರಿನವರಿಗೆ ಯೆಜ್ಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಉದ್ಘಾಟನೆ ಮಾಡಿದ್ದು. 1973ರಿಂದ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಗಾಡಿಗಳು ಮಾತ್ರ ನಿಲ್ಲಲಿಲ್ಲ. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರೇ ಗೇರ್ ಲಿವರ್ ಕೂಡ ಆಗುವ ಆ ಗಾಡಿಯನ್ನು ಒಮ್ಮೆ ಅಭ್ಯಾಸ ಮಾಡಿಕೊಂಡವರು ಸುಲಭವಾಗಿ ಬಿಡುವುದಿಲ್ಲ. ಒಂದೇ ಸಿಲಿಂಡರು, ಎರಡು ಸೈಲೆನ್ಸರು, 65 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್. ಕಾರ್ಖಾನೆ ಮುಚ್ಚಿದ ಮೇಲೆ ಹಳೆಯ ಎಂಜಿನ್ನುಗಳೇ ಹಳೆಯ ಗಾಡಿಗಳಿಗೆ ಆಧಾರವಾದವು. ಬೆಂಗಳೂರಿನಲ್ಲಿ ಆ ಬಿಡಿಭಾಗಗಳನ್ನು ಹುಡುಕಿಕೊಂಡು ನಾವು ಅಲೆಯುವುದು ಅದೇ ಮಹಾರಾಜರ ಹೆಸರಿನ ಜೆ.ಸಿ. ರಸ್ತೆಯಲ್ಲಿ. ಇಂಥ ಎಂಜಿನ್ನುಗಳ ಗೋಡೆ ಎಷ್ಟು ಕೈ ಬದಲಾಯಿಸಿದೆ, ಎಷ್ಟು ಸಲ ಕೊರೆಸಿಕೊಂಡಿದೆ ಎಂಬುದಕ್ಕೆ ಯಾವ ಪುಸ್ತಕದಲ್ಲೂ ದಾಖಲೆಯಿಲ್ಲ. ದಾಖಲೆ ಇರುವುದು ಗೋಡೆಯ ಮೇಲೆಯೇ.

ಆ ಮೆಟ್ಟಿಲು ಹುಟ್ಟುವ ಬಗೆ ಹೀಗೆ. ಪಿಸ್ಟನ್ ಮೇಲೇರಿ, ತುದಿಯಲ್ಲಿ ಒಂದು ಕ್ಷಣ ನಿಂತು, ಮತ್ತೆ ಇಳಿಯುತ್ತದೆ. ನಡುದಾರಿಯಲ್ಲಿ ಓಡುವಾಗ ರಿಂಗಿಗೂ ಗೋಡೆಗೂ ನಡುವೆ ಎಣ್ಣೆಯ ಪದರ ಇರುತ್ತದೆ. ತುದಿಯಲ್ಲಿ ವೇಗ ಸೊನ್ನೆಯಾಗುವುದರಿಂದ ಆ ಪದರ ಹರಿದುಹೋಗುತ್ತದೆ. ಉರಿಯುವ ಅನಿಲದ ಶಾಖ ಅಲ್ಲಿಯೇ ಹೆಚ್ಚು, ಅದೇ ಅನಿಲ ರಿಂಗಿನ ಬೆನ್ನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಅದುಮುವುದೂ ಅಲ್ಲಿಯೇ. ಹೀಗಾಗಿ ಮೇಲಿನ ರಿಂಗ್ ತಿರುಗಿ ಇಳಿಯುವ ಜಾಗದಲ್ಲಿ ಗೋಡೆ ಎಲ್ಲಕ್ಕಿಂತ ಹೆಚ್ಚು ಸವೆಯುತ್ತದೆ. ಅದರ ಮೇಲಿನ ಕೆಲವೇ ಮಿಲಿಮೀಟರ್ ಜಾಗಕ್ಕೆ ರಿಂಗು ತಲುಪುವುದೇ ಇಲ್ಲ. ಅದು ಕಾರ್ಖಾನೆಯಿಂದ ಬಂದ ಅಳತೆಯಲ್ಲೇ ಉಳಿಯುತ್ತದೆ. ಸವೆದ ಜಾಗಕ್ಕೂ ಸವೆಯದ ಜಾಗಕ್ಕೂ ನಡುವಿನ ಅಂಚೇ ಉಗುರಿಗೆ ಸಿಗುವ ಮೆಟ್ಟಿಲು.

ನನ್ನ ಎಂಜಿನ್ನಿನಲ್ಲಿ ಆಗಿದ್ದೇನೆಂದರೆ, ಸವೆದ ಬೋರಿಗೆ ಯಾರೋ ಎಮರಿ ಕಾಗದ ತಿಕ್ಕಿ ಗೆರೆ ಎಬ್ಬಿಸಿದ್ದರು. ಗೆರೆ ಬಂತು, ಮೆಟ್ಟಿಲು ಹೋಗಲಿಲ್ಲ. ಹಳೆಯ ರಿಂಗಿನ ಅಂಚು ಆ ಮೆಟ್ಟಿಲಿನ ಜೊತೆಗೇ ಸವೆದು ದುಂಡಗಾಗಿರುತ್ತದೆ, ಇಬ್ಬರಿಗೂ ಹೊಂದಾಣಿಕೆ ಇರುತ್ತದೆ. ಹೊಸ ರಿಂಗಿನ ಅಂಚು ಚೂಪು. ಅದು ಪ್ರತಿ ಸುತ್ತಿನಲ್ಲೂ ಮೆಟ್ಟಿಲಿಗೆ ಬಡಿಯುತ್ತದೆ. ನಿಮಿಷಕ್ಕೆ 3,000 ಸುತ್ತು ಎಂದರೆ ನಿಮಿಷಕ್ಕೆ 3,000 ಏಟು. ಬೀಡು ಕಬ್ಬಿಣದ ರಿಂಗು ಎಷ್ಟು ದಿನ ತಾಳೀತು? ‘ರಿಂಗ್ ಹೊಸಾದು’ ಎಂದು ಹೇಳಿದ್ದು ಸುಳ್ಳಲ್ಲ. ಹೊಸ ರಿಂಗ್ ಹಾಕಿದ್ದೇ ಕೇಡಾಯಿತು.

ಆದ್ದರಿಂದ ಗೆರೆಗಳನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಸರಿಯಾಗಿ ಹೋನ್ ಮಾಡಿದ ಗೋಡೆಯಲ್ಲಿ ಓರೆ ಗೆರೆಗಳು ಒಂದನ್ನೊಂದು ಕತ್ತರಿಸಿ ವಜ್ರಾಕಾರದ ಜಾಲರಿ ಕಟ್ಟುತ್ತವೆ, ಕೋನ ಸುಮಾರು 45ರಿಂದ 60 ಡಿಗ್ರಿ. ಹೋನಿಂಗ್ ಕಲ್ಲು ತಿರುಗುತ್ತಲೇ ಮೇಲೆ ಕೆಳಗೆ ಆಡುವುದರಿಂದ ಈ ಜಾಲರಿ ಮೂಡುತ್ತದೆ. ಎಣ್ಣೆ ಹಿಡಿದಿಟ್ಟುಕೊಳ್ಳುವುದು ಈ ಗೆರೆಗಳ ಕೆಲಸ. ಕೈಯಲ್ಲಿ ಕಾಗದ ಸುತ್ತಿ ತಿಕ್ಕಿದರೆ ಗೆರೆಗಳು ಹೆಚ್ಚುಕಡಿಮೆ ಅಡ್ಡಡ್ಡವಾಗಿಯೇ ಬೀಳುತ್ತವೆ, ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ವಿರಳವಾಗಿ. ಬೆರಳು ಸುಲಭವಾಗಿ ಹೋಗುವಷ್ಟು ಆಳಕ್ಕೆ ಗೆರೆ ಇದ್ದು, ಅದರ ಕೆಳಗೆ ಗೋಡೆ ಬೋಳಾಗಿದ್ದರೆ ಮಾತೇ ಬೇಕಿಲ್ಲ. ಜಾಲರಿ ಪೂರ್ತಿ ಮಾಯವಾಗಿ ಗೋಡೆ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತಿದ್ದರೆ ಅದೂ ಒಳ್ಳೆಯದಲ್ಲ. ಎಣ್ಣೆ ನಿಲ್ಲದ ಗೋಡೆ ಅದು. ಹೊಳಪು ಕಂಡು ಹಿಗ್ಗುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ತಪ್ಪು ಅವರದಲ್ಲ. ಹೊಳೆಯುವುದೆಲ್ಲ ಚೊಕ್ಕಟ ಎಂದು ಮನೆಯ ಪಾತ್ರೆಗಳು ನಮಗೆ ಕಲಿಸಿಬಿಟ್ಟಿವೆ.

ಇನ್ನು ಉದ್ದುದ್ದ ಗೀರುಗಳು. ಇವುಗಳಲ್ಲಿ ಎಲ್ಲವೂ ಒಂದೇ ಅಲ್ಲ. ಕಣ್ಣಿಗೆ ಕಂಡು ಉಗುರಿಗೆ ಸಿಗದ ಗೆರೆ ಓಡಿದ ಎಂಜಿನ್ನಿನ ಸಹಜ ಗುರುತು, ಅದಕ್ಕೆ ಹೆದರಬೇಕಾಗಿಲ್ಲ. ಉಗುರನ್ನು ಅಡ್ಡಕ್ಕೆ ಎಳೆದಾಗ ಕಚಕ್ಕೆಂದು ಸಿಕ್ಕಿಕೊಂಡರೆ ಅದು ಆಳ. ಪಿಸ್ಟನ್ ಪಿನ್ನಿನ ಲಾಕ್ ಕಳಚಿಕೊಂಡರೆ ಪಿನ್ನಿನ ನೇರಕ್ಕೆ, ಅಂದರೆ ಎಡಕ್ಕೋ ಬಲಕ್ಕೋ, ನೇಗಿಲಿನಿಂದ ಉತ್ತಂತೆ ಒಂದೇ ಒಂದು ಸಾಲು ಬೀಳುತ್ತದೆ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಪೋರ್ಟಿನ ಅಂಚಿನಿಂದ ಶುರುವಾಗಿ ಇಳಿಯುವ ಗೀರು ಇದ್ದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿಕೊಂಡಿದೆ ಎಂದು ಊಹಿಸಬೇಕು. ಟೂ ಸ್ಟ್ರೋಕ್ ಪಿಸ್ಟನ್ನಿನಲ್ಲಿ ರಿಂಗು ತಿರುಗದಂತೆ ಒಂದು ಪುಟ್ಟ ಮೊಳೆ ಇರುತ್ತದೆ, ಅದು ಸವೆದರೆ ಅಥವಾ ಬಿದ್ದುಹೋದರೆ ಹೀಗಾಗುತ್ತದೆ.

ಗೀರಿನ ಆಳದ ವಿಷಯದಲ್ಲಿ ಒಂದು ಲೆಕ್ಕವನ್ನು ಬಹಳ ಜನ ತಪ್ಪುತ್ತಾರೆ. ರೀಬೋರ್ ಮಾಡಿಸಿದರೆ ಎಲ್ಲ ಗೀರೂ ಹೋಗುತ್ತದೆ ಎಂದುಕೊಳ್ಳುತ್ತಾರೆ. ಪಿಸ್ಟನ್ನುಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್ ದೊಡ್ಡ ಸೈಜುಗಳಲ್ಲಿ ಸಿಗುತ್ತವೆ. ಅಂಗಡಿಯವರು ಇಂಚಿನ ಹಳೆಯ ಲೆಕ್ಕದಲ್ಲಿ ಇವನ್ನೇ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎನ್ನುವುದುಂಟು. ಈ ಅಳತೆ ವ್ಯಾಸದ್ದು. 0.25 ಕೊರೆದರೆ ಗೋಡೆಯ ಒಂದೊಂದು ಮಗ್ಗುಲಿನಿಂದ ಹೋಗುವುದು ಅದರ ಅರ್ಧ, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಗೀರು ಅದಕ್ಕಿಂತ ಆಳವಾಗಿದ್ದರೆ ಒಂದು ಸೈಜಿಗೆ ಮುಗಿಯುವುದಿಲ್ಲ. ಎರಡು ಸೈಜು ಒಟ್ಟಿಗೆ ಹಾರಬೇಕು. ನಾಲ್ಕೇ ಮೆಟ್ಟಿಲಿರುವ ಏಣಿಯಲ್ಲಿ ಎರಡನ್ನು ಮೊದಲ ದಿನವೇ ಕಳೆದುಕೊಂಡಂತೆ. ಬ್ಲಾಕ್ ಆಗಲೇ 0.75ಕ್ಕೆ ಬಂದಿದ್ದರೆ, ಅಂಥ ಗೀರಿಗೆ ಸ್ಲೀವ್ ಒಂದೇ ದಾರಿ.

ಎಷ್ಟನೇ ಸೈಜಿನಲ್ಲಿದೆ ಎಂದು ತಿಳಿಯುವುದು ಕಷ್ಟವಲ್ಲ, ಆದರೂ ಯಾರೂ ನೋಡುವುದಿಲ್ಲ. ಪಿಸ್ಟನ್ನಿನ ತಲೆಯ ಮೇಲೆ ಮಸಿ ಕಟ್ಟಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ವೇಸ್ಟಿನಿಂದ ತಾಳ್ಮೆಯಾಗಿ ಒರೆಸಿದರೆ ಕೆಳಗೆ ಅಚ್ಚೊತ್ತಿದ ಅಂಕಿ ಕಾಣುತ್ತದೆ. ಎಸ್‌ಟಿಡಿ ಎಂದಿದ್ದರೆ ಮೊದಲ ಸೈಜು. 0.50 ಎಂದಿದ್ದರೆ ಅರ್ಧ ದಾರಿ ಸವೆದಿದೆ. ಮಾರುವವರು ‘ಎಂಜಿನ್ ಕೈ ಹಾಕಿಲ್ಲ’ ಎಂದು ಹೇಳಿ, ಪಿಸ್ಟನ್ ತಲೆಯ ಮೇಲೆ 0.75 ಕಂಡರೆ ಉಳಿದ ಮಾತುಗಳನ್ನೂ ಅದೇ ಅಳತೆಯಲ್ಲಿ ತೂಗಬೇಕು.

ಗೀರಲ್ಲದೆ ಬೆಳ್ಳಗಿನ ತೇಪೆಗಳೂ ಕಾಣಿಸಬಹುದು. ಅವು ಸೀಜ್ ಆದ ಗುರುತು. ಬಿಸಿಯಾದಾಗ ಅಲ್ಯೂಮಿನಿಯಂ ಬೀಡು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ನಿಗೂ ಗೋಡೆಗೂ ಇರುವ ಸಂದು ಕೂದಲೆಳೆಯಷ್ಟು. ಪೆಟ್ರೋಲಿನಲ್ಲಿ ಟೂಟಿ ಎಣ್ಣೆ ಕಡಿಮೆಯಾದರೆ, ಕಾರ್ಬುರೇಟರಿನ ಕಡೆಯಿಂದಲೋ ಕ್ರ್ಯಾಂಕಿನ ಆಯಿಲ್ ಸೀಲಿನಿಂದಲೋ ಗಾಳಿ ಕದ್ದು ನುಗ್ಗಿ ಮಿಶ್ರಣ ತೆಳುವಾದರೆ, ಪಿಸ್ಟನ್ ಕಾದು ಉಬ್ಬಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆಗ ಪಿಸ್ಟನ್ನಿನ ಲೋಹ ಕರಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಇದನ್ನು ನೋಡಿ ಬ್ಲಾಕೇ ಹೋಯಿತು ಎಂದು ಕೈಬಿಡುವವರಿದ್ದಾರೆ. ಎಷ್ಟೋ ಸಲ ಗೋಡೆಗೆ ಏನೂ ಆಗಿರುವುದಿಲ್ಲ, ಮೇಲೆ ಮೆತ್ತಿದ್ದು ಹೋದರೆ ಸಾಕು. ಕಾಸ್ಟಿಕ್ ಸೋಡಾದ ದ್ರಾವಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ಕೈಗೂ ಕಣ್ಣಿಗೂ ಅದು ಅಪಾಯಕಾರಿ, ಕೆಲಸ ಗೊತ್ತಿದ್ದವರೇ ಮಾಡಬೇಕು. ಹೀಗೆ ಕಡಿಮೆ ಬೆಲೆಗೆ ಸಿಕ್ಕ ಸೀಜ್ ಆದ ಬ್ಲಾಕು, ಬೆಳ್ಳಿ ಬಣ್ಣ ಬಳಿದ ಬ್ಲಾಕಿಗಿಂತ ಒಳ್ಳೆಯದಾಗಿದ್ದ ಉದಾಹರಣೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ತುಕ್ಕು ಬೇರೆ ಕಥೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಎಂಜಿನ್ನಿನಲ್ಲಿ, ಅದರಲ್ಲೂ ಪ್ಲಗ್ ಬಿಚ್ಚಿ ಬಾಯಿ ತೆರೆದಿಟ್ಟಿದ್ದರೆ, ರಿಂಗು ಕೂತ ಜಾಗದಲ್ಲಿ ಬಳೆಯಂತೆ ತುಕ್ಕು ಹಿಡಿಯುತ್ತದೆ. ಕರಾವಳಿಯಿಂದ ಬಂದ ಎಂಜಿನ್ ಆದರೆ ಇನ್ನೂ ಎಚ್ಚರ ಬೇಕು. ಕೆಂಪು ಪುಡಿ ಒರೆಸಿದರೆ ಹೋಗುತ್ತದೆ, ಅದರ ಕೆಳಗೆ ಕಪ್ಪು ಚುಕ್ಕೆಗಳು ಉಳಿದವೋ ನೋಡಬೇಕು. ಉಳಿದರೆ ಅವು ಗುಳಿಗಳು. ಕೆಳಭಾಗದಲ್ಲಿ ಒಂದೆರಡು ಇದ್ದರೆ ಸಹಿಸಬಹುದು. ಒತ್ತಡವೆಲ್ಲ ಬೀಳುವ ಮೇಲ್ಭಾಗದಲ್ಲಿದ್ದರೆ ಕೊರೆಸಲೇಬೇಕು.

ಹೆಡ್ ಬಿಚ್ಚಲು ಎಲ್ಲರೂ ಬಿಡುವುದಿಲ್ಲ. ಟೂ ಸ್ಟ್ರೋಕಿನಲ್ಲಿ ಅದಕ್ಕೂ ಉಪಾಯವಿದೆ, ಇದು ನನಗೆ ಬಹಳ ಇಷ್ಟವಾದ ತಪಾಸಣೆ. ಸೈಲೆನ್ಸರಿನ ಬೆಂಡ್ ಪೈಪ್ ಬಿಚ್ಚಿದರೆ ಎಗ್ಸಾಸ್ಟ್ ಪೋರ್ಟು ಕಿಟಕಿಯಂತೆ ತೆರೆದುಕೊಳ್ಳುತ್ತದೆ. ಟಾರ್ಚ್ ಹಿಡಿದು ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತುತ್ತ ಹೋದರೆ ಪಿಸ್ಟನ್ನಿನ ಮೈ, ಅದರ ಮೇಲಿನ ರಿಂಗುಗಳು, ಆಮೇಲೆ ಎದುರಿನ ಗೋಡೆ ಒಂದೊಂದಾಗಿ ಎದುರು ಬರುತ್ತವೆ. ಪಿಸ್ಟನ್ನಿನ ಮೈ ಬೂದು ಬಣ್ಣಕ್ಕಿದ್ದು ಸಣ್ಣ ಉದ್ದ ಗೆರೆಗಳಿದ್ದರೆ ಸರಿ. ಹರಿದಂತೆ, ಕಿತ್ತಂತೆ ಕಂಡರೆ ಒಮ್ಮೆ ಸೀಜ್ ಆಗಿದೆ. ರಿಂಗುಗಳ ಕೆಳಗೆ ಕಂದು ಕಪ್ಪು ಕಲೆ ಇಳಿದಿದ್ದರೆ ಉರಿದ ಅನಿಲ ರಿಂಗು ದಾಟಿ ಕೆಳಗೆ ನುಗ್ಗುತ್ತಿದೆ. ಒಂದು ಚಮಚದ ಹಿಡಿಯಿಂದ ರಿಂಗನ್ನು ಮೃದುವಾಗಿ ಒತ್ತಿದರೆ ಸ್ಪ್ರಿಂಗಿನಂತೆ ಹಿಂದೆ ಬರಬೇಕು. ಬರದಿದ್ದರೆ ಮಸಿಯಲ್ಲಿ ಅಂಟಿಕೊಂಡಿದೆ.

ಹೊಗೆ ನೋಡಿ ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ. ಫೋರ್ ಸ್ಟ್ರೋಕಿಗೆ ಅದು ಸರಿ, ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಟೂ ಸ್ಟ್ರೋಕ್ ಎಣ್ಣೆ ಉರಿಸಿಯೇ ಓಡುವ ಎಂಜಿನ್ನು, ಅಲ್ಲಿ ನೀಲಿ ಹೊಗೆಯಿಂದ ಗೋಡೆಯ ಆರೋಗ್ಯ ತಿಳಿಯುವುದಿಲ್ಲ. ಯೆಜ್ಡಿ, ಆರ್‌ಎಕ್ಸ್ 100 ಕೊಳ್ಳುವ ಹುಡುಗರು ಹೊಗೆ ಕಡಿಮೆ ಇದೆ ಎಂದು ಸಂತೋಷಪಡುವುದನ್ನು ನೋಡಿದ್ದೇನೆ. ಅದು ಎಣ್ಣೆ ಕಡಿಮೆ ಹಾಕಿ ಓಡಿಸಿದ್ದರ ಗುರುತಾಗಿದ್ದರೆ, ಗೋಡೆ ಆಗಲೇ ನೊಂದಿರುತ್ತದೆ.

ಕಾರು, ಜೀಪುಗಳ ಎಂಜಿನ್ನಿನಲ್ಲಿ ಕಂಪ್ರೆಷನ್ ಗೇಜ್ ದೊಡ್ಡ ಸಹಾಯ. ಎಂಜಿನ್ ಬಿಸಿ ಮಾಡಿ, ಎಲ್ಲ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ನಾಲ್ಕಾರು ಸುತ್ತು ತಿರುಗಿಸಿದರೆ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಸುಮಾರು 150ರಿಂದ 180 ಪಿಎಸ್‌ಐ ಬರಬೇಕು. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಸಮಾನತೆ. ಮೂರರಲ್ಲಿ 160 ಬಂದು ಒಂದರಲ್ಲಿ 110 ಬಂದರೆ ಆ ಒಂದರೊಳಗೆ ಏನೋ ನಡೆದಿದೆ. ಅದರೊಳಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ಸೋರುತ್ತಿರುವುದು ರಿಂಗು ಮತ್ತು ಗೋಡೆಯ ನಡುವೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಪರೀಕ್ಷೆಗೆ ಒಂದು ದೌರ್ಬಲ್ಯವೂ ಇದೆ. ನೀವು ಬರುವ ಮೊದಲೇ ಯಾರಾದರೂ ಅದೇ ಒಂದು ಚಮಚ ಎಣ್ಣೆ ಒಳಗೆ ಬಿಟ್ಟಿದ್ದರೆ ಮೊದಲ ಅಂಕಿಯೇ ಚೆನ್ನಾಗಿ ಬರುತ್ತದೆ. ಅದಕ್ಕೇ ಬಿಚ್ಚಿದ ಪ್ಲಗ್ಗುಗಳನ್ನು ಮೊದಲು ನೋಡಬೇಕು, ಹಸಿ ಎಣ್ಣೆ ಮೆತ್ತಿದೆಯೇ ಎಂದು. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಯುವುದೂ ಒಳ್ಳೆಯ ಉಪಾಯ. ಬುಸ್ ಬುಸ್ ಎಂದು ಹೊಗೆ ಅಂಗೈಗೆ ಗುದ್ದಿದರೆ ಗೋಡೆ ಹಿಡಿತ ಕಳೆದುಕೊಂಡಿದೆ.

ಈಗೀಗ ಮೊಬೈಲಿಗೆ ಜೋಡಿಸುವ ಪುಟ್ಟ ಕ್ಯಾಮೆರಾಗಳು ಅಗ್ಗಕ್ಕೆ ಸಿಗುತ್ತವೆ. ಪ್ಲಗ್ಗಿನ ತೂತಿನಿಂದ ಇಳಿಸಿ, ಪಿಸ್ಟನ್ನನ್ನು ಕೆಳಕ್ಕೆ ತಂದು ಸುತ್ತಲಿನ ಗೋಡೆ ನೋಡಬಹುದು. ನನ್ನ ಬಳಿಯೂ ಒಂದಿದೆ. ಅದನ್ನು ಬಳಸುವವರಿಗೆ ಒಂದು ಮಾತು ಹೇಳಲೇಬೇಕು: ಅದರ ದೀಪ ಗೋಡೆಗೆ ತೀರ ಹತ್ತಿರದಲ್ಲಿ, ಓರೆಯಾಗಿ ಬೀಳುತ್ತದೆ. ಏನೂ ಅಲ್ಲದ ಗೆರೆ ಪರದೆಯ ಮೇಲೆ ಕಾಲುವೆಯಂತೆ ಕಾಣುತ್ತದೆ, ನಿಜವಾದ ಮೆಟ್ಟಿಲು ಕಾಣದೆ ಹೋಗಬಹುದು. ಕ್ಯಾಮೆರಾ ಚಿತ್ರ ತೋರಿಸುತ್ತದೆ, ಆಳ ತೋರಿಸುವುದಿಲ್ಲ. ಆಳಕ್ಕೆ ಬೋರ್ ಗೇಜೇ ಆಗಬೇಕು.

ಆ ಗೇಜನ್ನು ಮೇಸ್ತ್ರಿ ಇಳಿಸುವ ರೀತಿಯನ್ನು ನೋಡಬೇಕು. ಅವರ ಅಂಗಡಿಯ ಮೂಲೆಯಲ್ಲಿ ಹರಿಹರದಲ್ಲಿ ತಯಾರಾದ ಕಿರ್ಲೋಸ್ಕರ್ ಲೇತ್ ಒಂದಿದೆ, ಅದರ ಹಾಸಿನ ಮೇಲೆ ಒಂದು ಹಳೆಯ ಟವೆಲು ಹಾಸಿ ಬ್ಲಾಕ್ ಇಡುತ್ತಾರೆ. ಗೇಜಿನ ಕಾಲನ್ನು ಒಳಗಿಳಿಸಿ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಾರೆ. ಮುಳ್ಳು ಒಂದು ಕಡೆಗೆ ಓಡಿ, ನಿಂತು, ಹಿಂದಿರುಗುತ್ತದೆ. ಅದು ಹಿಂದಿರುಗುವ ಜಾಗವೇ ಸರಿಯಾದ ಅಳತೆ. ಒಂದೊಂದು ಗೆರೆ ಮಿಲಿಮೀಟರಿನ ನೂರನೇ ಒಂದು ಭಾಗ. ಮೆಟ್ಟಿಲಿನ ಕೆಳಗೆ ಒಮ್ಮೆ, ನಡುವೆ ಒಮ್ಮೆ, ತಳದಲ್ಲಿ ಒಮ್ಮೆ. ಟೂ ಸ್ಟ್ರೋಕ್ ಆದರೆ ಎಗ್ಸಾಸ್ಟ್ ಪೋರ್ಟಿನ ಅಕ್ಕಪಕ್ಕ ತಪ್ಪದೆ ಒಮ್ಮೆ, ಬಿಸಿ ಅನಿಲ ಹಾಯುವ ಆ ಜಾಗ ಬೇಗ ಸವೆಯುತ್ತದೆ. ಪ್ರತಿ ಎತ್ತರದಲ್ಲೂ ಎರಡು ದಿಕ್ಕು. ಕನೆಕ್ಟಿಂಗ್ ರಾಡು ಓರೆಯಾಗಿ ತಳ್ಳುವುದರಿಂದ ಪಿಸ್ಟನ್ನು ಗಾಡಿಯ ಮುಂದಿನ ಮತ್ತು ಹಿಂದಿನ ಗೋಡೆಗೆ ಹೆಚ್ಚು ಒರಗುತ್ತದೆ, ಪಕ್ಕದ ಗೋಡೆಗಳಿಗೆ ಕಡಿಮೆ. ದುಂಡಗಿದ್ದ ಬೋರು ಹೀಗೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ದುಂಡನೆಯ ರಿಂಗು ಮೊಟ್ಟೆಯಾಕಾರದ ಗೋಡೆಗೆ ಎಷ್ಟು ಹೊಸದಾದರೂ ಪೂರ್ತಿ ಕೂರುವುದಿಲ್ಲ.

‘ಗೇಜು ಸುಳ್ಳು ಹೇಳಲ್ಲ, ಹಿಡ್ಕೊಂಡೋನು ಹೇಳ್ಬೋದು’ ಎನ್ನುತ್ತಾರೆ ಮೇಸ್ತ್ರಿ. ಅದಕ್ಕೇ ಅವರು ಪ್ರತಿ ಸಲ ಮೈಕ್ರೋಮೀಟರಿಗೆ ಗೇಜನ್ನು ಹೊಂದಿಸಿಕೊಂಡೇ ಶುರು ಮಾಡುತ್ತಾರೆ. ಹೋನ್ ಆದ ಬ್ಲಾಕನ್ನು ಪೆಟ್ರೋಲಿನಲ್ಲಿ ತೊಳೆಯಲು ಬಿಡುವುದಿಲ್ಲ. ಬಿಸಿನೀರು, ಸೋಪು, ಬ್ರಷ್ಷು. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ. ಗೆರೆಗಳಲ್ಲಿ ಕೂತ ಕಲ್ಲಿನ ಪುಡಿ ಪೆಟ್ರೋಲಿಗೆ ಜಗ್ಗುವುದಿಲ್ಲ. ಅದು ಒಳಗೇ ಉಳಿದರೆ ಹೊಸ ರಿಂಗಿಗೆ ಸಾಣೆ ಹಿಡಿದಂತೆ.

ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ನನ್ನ ಅನುಭವ ಕಡಿಮೆ, ಮಂಡ್ಯದ ಕಡೆ ಕಬ್ಬು ಬೆಳೆಯುವ ಭಾವನಿಗಾಗಿ ಹಳೆಯ ಟ್ರ್ಯಾಕ್ಟರ್ ಎಂಜಿನ್ ನೋಡಲು ಹೋದಾಗ ಕಲಿತದ್ದಷ್ಟೇ. ಟ್ರ್ಯಾಕ್ಟರ್, ಲಾರಿಗಳ ಅನೇಕ ಎಂಜಿನ್ನುಗಳಲ್ಲಿ ಗೋಡೆ ಎಂದರೆ ಬಿಚ್ಚಿ ಬದಲಾಯಿಸಬಹುದಾದ ಲೈನರ್, ಅದರ ಹೊರಮೈಗೆ ನೀರು ತಾಗುತ್ತಿರುತ್ತದೆ. ಒಳಮೈ ಎಷ್ಟೇ ಚೆನ್ನಾಗಿದ್ದರೂ ಹೊರಗಿನಿಂದ ಗುಳಿ ಬಿದ್ದು ತೂತಾಗಬಹುದು. ಸ್ಫೋಟದ ಏಟಿಗೆ ಲೈನರ್ ನಡುಗಿ, ನೀರಿನಲ್ಲಿ ಸಣ್ಣ ಗುಳ್ಳೆಗಳೆದ್ದು ಒಡೆದು ಲೋಹವನ್ನು ಕಚ್ಚಿ ಕಚ್ಚಿ ತಿನ್ನುತ್ತವೆ. ಡಿಪ್ ಸ್ಟಿಕ್ ಎಳೆದಾಗ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ನೀರು ಎಲ್ಲಿಂದಲೋ ಸೇರಿದೆ. ಭಾವ ನೋಡಲು ಹೋದ ಎಂಜಿನ್ನಿನಲ್ಲಿ ಹಾಗೆಯೇ ಇತ್ತು. ಗೇಜು ಹಿಡಿಯುವ ಮೊದಲೇ ವಾಪಸು ಬಂದೆವು.

ಹೊಸ ಕಾಲದ ಕೆಲವು ಬೈಕುಗಳಲ್ಲಿ, ಕೆಟಿಎಂ ಡ್ಯೂಕ್ 390 ಅಂಥವುಗಳಲ್ಲಿ, ಕಬ್ಬಿಣದ ಗೋಡೆಯೇ ಇಲ್ಲ. ಅಲ್ಯೂಮಿನಿಯಂ ಮೇಲೆ ನಿಕಾಸಿಲ್ ಎಂಬ ತೆಳುವಾದ ಗಟ್ಟಿ ಲೇಪ. ಅದು ಸುಲಭಕ್ಕೆ ಸವೆಯುವುದಿಲ್ಲ, ಆದರೆ ಎಲ್ಲೆಂದರಲ್ಲಿ ಕೊರೆಸಿ ದೊಡ್ಡ ಪಿಸ್ಟನ್ ಹಾಕುವ ಹಾಗೂ ಇಲ್ಲ. ಲೇಪ ಸುಲಿದು ಕೆಳಗಿನ ಲೋಹ ಕಂಡಿತೆಂದರೆ ಬ್ಲಾಕು, ಪಿಸ್ಟನ್ನು ಎರಡೂ ಹೊಸದು. ಹಳೆಯ ಅಭ್ಯಾಸದಲ್ಲಿ ‘ಬೋರ್ ಮಾಡ್ಸಿದ್ರಾಯ್ತು’ ಎಂದು ಯಾರಾದರೂ ಇಂಥ ಎಂಜಿನ್ ಮಾರಿದರೆ ಕಿವಿಗೊಡಬಾರದು.

ಕಾಗದದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೋಡೆ ಎಷ್ಟೇ ಚೆನ್ನಾಗಿರಲಿ, ಕೇಸಿನ ಮೇಲಿನ ಎಂಜಿನ್ ನಂಬರನ್ನು ಉಜ್ಜಿ ಮತ್ತೆ ಕೊರೆದಂತೆ ಕಂಡರೆ ಎದ್ದು ಬರಬೇಕು. ಹಳೆಯ ಗಾಡಿಯ ಆರ್‌ಸಿ, ಮಾರಾಟದ ರಸೀದಿ ಇಲ್ಲದೆ ಕೊಳ್ಳಬಾರದು. ಎಂಜಿನ್ ಬದಲಾದದ್ದನ್ನು ಆರ್‌ಟಿಓ ಕಚೇರಿಯಲ್ಲಿ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು.

ಕಳೆದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. ‘ಮಾಮ, ಒಂದು ಯೆಜ್ಡಿ ಎಂಜಿನ್ ಇದೆ, ಬಂದು ನೋಡ್ತೀರಾ?’ ಹೋದೆ. ಮಾರುವವರು ಹಿರಿಯರು, ಅವರ ತಂದೆಯ ಗಾಡಿಯ ಎಂಜಿನ್ನಂತೆ. ಬಣ್ಣ ಬಳಿದಿರಲಿಲ್ಲ, ಫಿನ್ನುಗಳ ನಡುವೆ ಹಳೆಯ ಎಣ್ಣೆ ಮಣ್ಣು ಹೆಪ್ಪುಗಟ್ಟಿ ಕೂತಿತ್ತು. ‘ಬಿಚ್ಚಿ ನೋಡ್ಕೊಳಿ, ನಂಗೇನೂ ಗೊತ್ತಿಲ್ಲ’ ಎಂದು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತರು. ಹೆಡ್ ಎತ್ತಿ, ಪಿಸ್ಟನ್ ತಲೆ ಒರೆಸಿದೆವು, 0.50 ಕಂಡಿತು. ಹುಡುಗನ ಕೈ ಹಿಡಿದು ಒಳಕ್ಕೆ ಬಿಟ್ಟೆ. ಉಗುರು ಮೇಲಕ್ಕೆ ಬಂತು. ‘ಸಿಕ್ತು ಮಾಮ’ ಎಂದ, ಮುಖ ಬಾಡಿತು. ಅಡ್ಡಕ್ಕೆ ಎಳೆಸಿದೆ. ಎಲ್ಲೂ ಸಿಗಲಿಲ್ಲ. ಗೀರಿಲ್ಲ, ಗುಳಿಯಿಲ್ಲ, ಬರೀ ಓಡಿ ಸವೆದದ್ದು. ಮುಂದಿನ ಸೈಜಿಗೆ ಕೊರೆಸುವ ಖರ್ಚು, ಪಿಸ್ಟನ್ ರಿಂಗಿನ ಬೆಲೆ ಇಷ್ಟಾಗುತ್ತದೆ ಎಂದು ಹಿರಿಯರ ಎದುರಿಗೇ ಚೀಟಿಯಲ್ಲಿ ಬರೆದು ಕೂಡಿಸಿ ತೋರಿಸಿದೆ. ಅವರು ಚೀಟಿಯನ್ನು ಎರಡು ಸಲ ಓದಿ, ಅಷ್ಟನ್ನೂ ಹೇಳಿದ ಬೆಲೆಯಿಂದ ಕಳೆದು ಕೊಟ್ಟರು. ಅವರ ತಂದೆಯ ಹೆಸರಿನ ಆರ್‌ಸಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹುಡುಗನ ಕೈಗಿತ್ತರು.

ಗೋಣಿಚೀಲದಲ್ಲಿ ಸುತ್ತಿದ ಬ್ಲಾಕನ್ನು ಮಡಿಲಲ್ಲಿಟ್ಟುಕೊಂಡು ಹುಡುಗ ನನ್ನ ಹಿಂದೆ ಕೂತ. ಅಂಗಡಿಯಲ್ಲಿ ಮೇಸ್ತ್ರಿ ಟವೆಲು ಹಾಸಿ, ಗೇಜು ಇಳಿಸಿ, ತೂಗಿ ನೋಡಿದರು. ತಳದಲ್ಲಿ 65.52. ಮೆಟ್ಟಿಲಿನ ಕೆಳಗೆ 65.61. ಇನ್ನೊಂದು ದಿಕ್ಕಿಗೆ ತಿರುಗಿಸಿ ಮತ್ತೆ ಇಳಿಸಿದರು, 65.58. ಕನ್ನಡಕ ಹಣೆಗೇರಿಸಿ, ಸೀಮೆಸುಣ್ಣ ತೆಗೆದುಕೊಂಡು, ಬ್ಲಾಕಿನ ಹೊರಮೈ ಮೇಲೆ ದೊಡ್ಡದಾಗಿ 75 ಎಂದು ಬರೆದರು. ‘ಗುರುವಾರ ಬಾಪ್ಪ’ ಎಂದರು ಹುಡುಗನಿಗೆ. ‘ಪಿಸ್ಟನ್ ತಗೊಂಡು ಬಾ. ಪಿಸ್ಟನ್ ಅಳತೆ ನೋಡ್ದೆ ನಾನು ಬೋರ್‌ಗೆ ಕೈ ಹಾಕಲ್ಲ.’